85 ವರ್ಷ ಕಂದಾಯ ಕೊಡದ ಬೆಟ್ಟಗಳು

ನಮಸ್ಕಾರ. ಪರದೆಯ ಮೇಲೆ ಈಗ ನೀವು ನೋಡುತ್ತಿರುವುದು ಫಿಲಿಪ್ಪೀನ್ಸ್ ದೇಶದ ಬೊಹೊಲ್ ದ್ವೀಪದ ಇನಬಂಗಾ. ನದಿ ಸಮುದ್ರ ಸೇರುವಲ್ಲಿ ಬೆಳೆದ ಪಟ್ಟಣ. ಇಲ್ಲಿನ ಹೆಂಗಸರು ತಾಳೆಯ ಎಳೆಗರಿಯ ನಾರನ್ನು ಮಗ್ಗಕ್ಕೆ ಏರಿಸಿ ಬಟ್ಟೆಯಂತೆ ನೇಯುತ್ತಾರೆ. ಬೊಹೊಲ್‌ಗೆ ಬಂದವರು ಸಾಮಾನ್ಯವಾಗಿ ಚಾಕೊಲೇಟ್ ಬೆಟ್ಟಗಳನ್ನು ಕಂಡು, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪ್ರಾಣಿಗಳಾದ ಟಾರ್ಸಿಯರ್‌ಗಳ ಚಿತ್ರ ತೆಗೆದು, ಪಂಗ್ಲಾವ್‌ನ ಬಿಳಿ ಮರಳಿನ ಮೇಲೆ ಒಂದು ಸಂಜೆ ಕಳೆದು ಹಿಂತಿರುಗುತ್ತಾರೆ. ನಾನು ಇನಬಂಗಾಕ್ಕೆ ಬಂದದ್ದು ಮಣ್ಣಿಗೆ ಸೇರದೆ ಬಿದ್ದಿದ್ದ ಒಂದು ಹೆಣದ ಕಥೆಯ ಬೆನ್ನುಹತ್ತಿ.

1744ರ ಸುಮಾರಿಗೆ ಫಿಲಿಪ್ಪೀನ್ಸನ್ನು ಸ್ಪೇನ್ ಆಳುತ್ತಿತ್ತು, ಈ ದ್ವೀಪ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಂಥದ ಪಾದ್ರಿಗಳ ಕೈಯಲ್ಲಿತ್ತು. ಕ್ರೈಸ್ತ ಮತವನ್ನು ಬಿಟ್ಟು ಬೆಟ್ಟ ಸೇರಿದ್ದ ಒಬ್ಬನನ್ನು ಹಿಡಿದು ತರಲು ಇನಬಂಗಾದ ಪಾದ್ರಿ ಗಾಸ್ಪಾರ್ ಮೊರಾಲೆಸ್ ಒಬ್ಬ ಕಾವಲುಗಾರನನ್ನು ಅಟ್ಟಿದ. ಅವನ ಹೆಸರು ಸಗಾರಿನೊ. ಓಡಿಹೋದವನು ಸುಲಭವಾಗಿ ಕೈಗೆ ಸಿಗಲಿಲ್ಲ. ಇಬ್ಬರಿಗೂ ಕಾದಾಟವಾಗಿ ಸಗಾರಿನೊ ಸತ್ತ. ತನ್ನ ಮಾತು ನಡೆಸಲು ಹೋಗಿ ಪ್ರಾಣ ಬಿಟ್ಟವನಿಗೆ ಅದೇ ಪಾದ್ರಿ ಕ್ರೈಸ್ತ ವಿಧಿಯ ಸಂಸ್ಕಾರವನ್ನು ನಿರಾಕರಿಸಿದ. ದ್ವಂದ್ವಯುದ್ಧದಲ್ಲಿ ಸತ್ತವನಿಗೆ ಚರ್ಚಿನ ಮಣ್ಣು ಸಲ್ಲದು ಎಂದು ಹೇಳಿದ. ಹೆಣ ಮೂರು ದಿನ ಕೊಳೆಯುತ್ತ ಬಿದ್ದಿತ್ತು. ಆಮೇಲೆ ಸಗಾರಿನೊನ ಸಹೋದರ ತಾನೇ ಅದನ್ನು ಮಣ್ಣು ಮಾಡಿ, ಜನರನ್ನು ಕಟ್ಟಿಕೊಂಡು ಬೆಟ್ಟ ಹತ್ತಿದ. ಅವನೇ ಫ್ರಾನ್ಸಿಸ್ಕೊ ಸೆಂದ್ರಿಹಾಸ್. ಚರಿತ್ರೆ ಅವನನ್ನು ದಗೊಹೊಯ್ ಎಂದು ಕರೆಯುತ್ತದೆ.

ಈ ದಂಗೆಯನ್ನು ಸಾಮಾನ್ಯವಾಗಿ ಒಬ್ಬ ಸಹೋದರನ ಸೇಡಿನ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಸೇಡು ಹೆಚ್ಚೆಂದರೆ ಒಂದು ತಲೆಮಾರು ಬಾಳೀತು. ಬೊಹೊಲ್‌ನ ಈ ದಂಗೆ ನಡೆದದ್ದು 1744ರಿಂದ 1829ರವರೆಗೆ. ಫಿಲಿಪ್ಪೀನ್ಸಿನಲ್ಲಿ ಸ್ಪೇನಿನ ಆಳ್ವಿಕೆ ಒಟ್ಟು 333 ವರ್ಷ ಎಂದು ಹಿಡಿದರೆ, ಅದರ ಕಾಲುಭಾಗದಷ್ಟು ಕಾಲ ಈ ದ್ವೀಪದ ಒಳನಾಡು ಸ್ಪೇನಿನ ಕೈಯಲ್ಲಿರಲಿಲ್ಲ. ಹಾಗಾದರೆ ಮೊದಲ ವರ್ಷವೇ ಮೂರು ಸಾವಿರ ಜನ ಅವನ ಹಿಂದೆ ಹೋದದ್ದು ಏಕೆ?

ಉತ್ತರ ಅವನ ಹುದ್ದೆಯಲ್ಲಿದೆ. ದಗೊಹೊಯ್ ತನ್ನ ಕೇರಿಯ ಮುಖ್ಯಸ್ಥನಾಗಿದ್ದ. ಮನೆಮನೆಯಿಂದ ತಲೆಗಂದಾಯ ಎತ್ತಿ ಸ್ಪೇನಿನವರಿಗೆ ಒಪ್ಪಿಸುವುದು ಇಂಥ ಮುಖ್ಯಸ್ಥರ ಕೆಲಸ; ಅದಕ್ಕೆ ಪ್ರತಿಯಾಗಿ ಅವರಿಗೆ ಕಂದಾಯವೂ ಇಲ್ಲ, ಬಿಟ್ಟಿ ಚಾಕರಿಯೂ ಇಲ್ಲ. ಉಳಿದ ಗಂಡಸರು, 16ರಿಂದ 60 ವರ್ಷದವರು, ವರ್ಷಕ್ಕೆ 40 ದಿನ ರಸ್ತೆಗೆ, ಚರ್ಚು ಕಟ್ಟುವುದಕ್ಕೆ, ಹಡಗಿನ ಮರ ಕಡಿಯುವುದಕ್ಕೆ ಹೋಗಬೇಕಿತ್ತು. ಆ ದಿನಗಳಲ್ಲಿ ಗದ್ದೆಯ ಕೆಲಸ ನಿಲ್ಲುತ್ತಿತ್ತು. ಯಾರ ಮನೆಯಲ್ಲಿ ಎಷ್ಟು ಅಕ್ಕಿ ಇದೆ, ಯಾವ ಮನೆಯ ಗಂಡಸು ಬಿಟ್ಟಿಗೆ ಹೋಗಿ ಹಿಂತಿರುಗಲಿಲ್ಲ ಎಂಬುದೆಲ್ಲ ಗೊತ್ತಿದ್ದ ಮನುಷ್ಯನೇ ಇನ್ನು ಕಂದಾಯ ಎತ್ತುವುದಿಲ್ಲ ಎಂದಾಗ ಜನ ನಂಬಿದರು. ಆ ಹೆಣ ಒಂದು ನೆಪವಾಯಿತು. ಹಾಗೆ ಹೇಳುವಾಗಲೂ ನನಗೆ ಸಂಕಟವಾಗುತ್ತದೆ. ಚರ್ಚಿನ ಎದುರಿನ ಈ ಬಯಲಿನಲ್ಲಿ ನಿಂತಾಗ ಮೂರು ದಿನ ಎನ್ನುವುದು ಪುಸ್ತಕದಲ್ಲಿ ಓದಿದಷ್ಟು ಚಿಕ್ಕದಾಗಿ ತೋರುವುದಿಲ್ಲ.

ದಂಗೆಯ ಆರಂಭದಲ್ಲಿ ಇದೇ ದ್ವೀಪದ ಹಗ್ನಾ ಊರಿನ ಪಾದ್ರಿ ಜುಸೆಪ್ಪೆ ಲಾಂಬೆರ್ತಿಯ ಕೊಲೆಯಾಯಿತು. ಮೊರಾಲೆಸ್ ಕೂಡ ದಗೊಹೊಯ್ ಕಡೆಯವರ ಕೈಯಲ್ಲೇ ಸತ್ತ. ರಕ್ತ ಎರಡೂ ಕಡೆ ಹರಿಯಿತು. ನಾನು ಅದನ್ನು ಮರೆಮಾಚುವುದಿಲ್ಲ.

ಬೊಹೊಲ್‌ನಲ್ಲಿ ಇದು ಮೊದಲ ದಂಗೆಯೂ ಆಗಿರಲಿಲ್ಲ. 1621ರಲ್ಲಿ ತಾಂಬ್ಲೊಟ್ ಎಂಬ ಪೂಜಾರಿ, ಹಿರಿಯರ ದೈವಗಳ ಕಡೆಗೆ ಮರಳಿ ಬನ್ನಿ ಎಂದು ಜನರನ್ನು ಎಬ್ಬಿಸಿದ್ದ. ಪಾದ್ರಿಗಳು ತಮ್ಮ ಪಂಥದ ಫ್ರಾನ್ಸಿಸ್ ಕ್ಸೇವಿಯರ್‌ನ ಹಬ್ಬಕ್ಕೆಂದು ಪಕ್ಕದ ದ್ವೀಪ ಸೆಬುವಿಗೆ ಹೋಗಿದ್ದ ಹೊತ್ತು ಅದು. ಅದನ್ನು ಅಡಗಿಸಲು ಸೆಬುವಿನಿಂದ ಬಂದ ಪಡೆಯಲ್ಲಿ ಸ್ಪೇನಿನವರು ಐವತ್ತರಷ್ಟು, ಸ್ಥಳೀಯರು ಸಾವಿರಕ್ಕೂ ಹೆಚ್ಚು. 1622ರ ಹೊಸವರ್ಷದ ದಿನ ಕಾಳಗದ ನಡುವೆ ಜಡಿಮಳೆ ಬಿತ್ತು. ಬಂದೂಕಿನ ಮದ್ದು ನೆನೆದರೆ ಸ್ಪೇನಿನವರ ಕಥೆ ಮುಗಿಯಿತು. ಆಗ ಸೆಬುವಿನ ಆಳುಗಳು ತಮ್ಮ ಗುರಾಣಿಗಳನ್ನು ಬಂದೂಕುಗಳ ಮೇಲೆ ಕೊಡೆಯಂತೆ ಹಿಡಿದರು. ಅದರ ಮರೆಯಿಂದ ಗುಂಡು ಹಾರಿತು, ತಾಂಬ್ಲೊಟ್‌ನ ಜನ ಸೋತರು. ಈ ದೇಶದ ಪ್ರತಿರೋಧದ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಚಿತ್ರ ಇದು. ಪಕ್ಕದ ದ್ವೀಪದ ಕೈಗಳೇ ಗುರಾಣಿ ಹಿಡಿದವು.

ಈಗ ನಾವು ಇನಬಂಗಾದಿಂದ ಒಳಗೆ, ದನಾವ್ ಕಡೆಗೆ ಹೋಗುತ್ತಿದ್ದೇವೆ. ಮಗ್ತಂಗ್ತೊಂಗ್ ಎಂಬ ಊರಿನ ಬಳಿ ದಗೊಹೊಯ್ ಗುಹೆ ಇದೆ. ಬೈಕಿನ ಹಿಂಬದಿಯ ಸೀಟಿನಲ್ಲಿ ಕುಳಿತು ಚಿತ್ರೀಕರಿಸಿದ್ದರಿಂದ ದೃಶ್ಯ ಅಲುಗಾಡುತ್ತದೆ, ಆದರೆ ರಸ್ತೆಯ ಎರಡೂ ಬದಿಯ ಬಂಡೆಗಳನ್ನು ಗಮನಿಸಿ. ಎಲ್ಲವೂ ಸುಣ್ಣದ ಕಲ್ಲು. ಮಳೆಯ ನೀರು ಈ ಕಲ್ಲನ್ನು ಸಾವಿರಾರು ವರ್ಷ ತಿಂದು ಒಳಗೆಲ್ಲ ಪೊಳ್ಳು ಮಾಡಿದೆ. ಹೊಳೆಗಳು ಇದ್ದಕ್ಕಿದ್ದಂತೆ ನೆಲದೊಳಗೆ ಇಳಿದು ಇನ್ನೆಲ್ಲೋ ಏಳುತ್ತವೆ. ಹೊರಗಿನಿಂದ ಬಂದ ಸೈನ್ಯಕ್ಕೆ ಇಲ್ಲಿ ದಾರಿಯೂ ತಿಳಿಯದು, ಕುಡಿಯುವ ನೀರೂ ಸಿಗದು. ಊರಿನವನಿಗೆ ಎರಡೂ ಗೊತ್ತು.

ಗುಹೆಯೊಳಗೆ ಕಾಲಿಟ್ಟಾಗ ಮೊದಲು ತಟ್ಟಿದ್ದು ಬಾವಲಿಗಳ ಹಿಕ್ಕೆಯ ವಾಸನೆ. ಕೈಯೂರಿದ ಕಡೆಯೆಲ್ಲ ಕಲ್ಲು ಗರಗಸದಂತೆ ಚುಚ್ಚುತ್ತದೆ. ಒಂದೆಡೆ ನೀರು ನಿಂತಿದೆ. ಈ ನೀರಿನಡಿ ಮುಳುಗಿ ಈಜಿದರೆ ಆಚೆ ಒಣ ಜಾಗಕ್ಕೆ ದಾರಿಯಿತ್ತು, ಸ್ಪೇನಿನವರು ಬಂದಾಗಲೆಲ್ಲ ಜನ ಹಾಗೆ ತಪ್ಪಿಸಿಕೊಳ್ಳುತ್ತಿದ್ದರು ಎಂದು ಇಲ್ಲಿನವರು ಹೇಳುತ್ತಾರೆ. ದಗೊಹೊಯ್ ಕತ್ತಲಲ್ಲಿಯೂ ಕಾಣುತ್ತಿದ್ದ, ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತಿದ್ದ ಎಂಬ ಕಥೆಗಳೂ ಇವೆ. ದನಾವ್‌ನಲ್ಲಿ ಊಟಕ್ಕೆ ಕುಳಿತಾಗ ಸಿಕ್ಕಿದ್ದು ಬೇಯಿಸಿದ ನೇರಳೆ ಬಣ್ಣದ ಗೆಣಸು, ಉಬೆ. ಬೊಹೊಲ್‌ನಲ್ಲಿ ಉಬೆ ಕೈತಪ್ಪಿ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡುವ ರೂಢಿ ಇದೆ. ಬರಗಾಲದಲ್ಲಿ ಜೀವ ಉಳಿಸಿದ ಗೆಡ್ಡೆಗೆ ಸಲ್ಲಿಸುವ ಗೌರವ.

ಈ ದಂಗೆಯನ್ನು ಅರ್ಥಮಾಡಿಕೊಳ್ಳಲು ಕತ್ತಿಗಿಂತ ಇಂಥ ಗೆಡ್ಡೆಗಳ ಕಡೆ ನೋಡಬೇಕು ಎನ್ನುವುದು ನನ್ನ ನಂಬಿಕೆ. ಬೆಟ್ಟ ಸೇರಿದವರು ಅಲ್ಲಿ ಹಳ್ಳಿ ಕಟ್ಟಿದರು, ಉತ್ತರು, ಬಿತ್ತರು, ಮಕ್ಕಳ ಮದುವೆ ಮಾಡಿದರು. ಅವರ ಸಂಖ್ಯೆ ಇಪ್ಪತ್ತು ಸಾವಿರಕ್ಕೆ ಏರಿತು. ಸೆಬುವಿನ ಬಿಷಪ್ ಸಂಧಾನಕ್ಕೆ ಪ್ರಯತ್ನಿಸಿ ಸೋತ. 1768ರಲ್ಲಿ ಜೆಸ್ವಿಟರನ್ನೇ ದೇಶದಿಂದ ಹೊರಹಾಕಿದ ಮೇಲೆ ಬಂದ, ರೆಕೊಲೆಕ್ಟ್ ಎಂಬ ಇನ್ನೊಂದು ಪಂಥದ ಪಾದ್ರಿಗಳೂ ಮಾತಾಡಿ ನೋಡಿದರು. ಪಾದ್ರಿಗಳು ಬದಲಾದರು, ಮನಿಲಾದಲ್ಲಿ ಒಬ್ಬರ ನಂತರ ಒಬ್ಬರು ಗವರ್ನರ್‌ಗಳು ಬದಲಾದರು, ಬೆಟ್ಟದವರು ಮಾತ್ರ ಇಳಿಯಲಿಲ್ಲ.

ಸ್ಪೇನಿನ ದೃಷ್ಟಿಯೂ ಸಮುದ್ರದ ಕಡೆಗೆ ನೆಟ್ಟಿತ್ತು. ಇದು ಮರಿಬೊಹೊಕ್‌ನ ಪುಂತಾ ಕ್ರೂಸ್ ಕಾವಲು ಗೋಪುರ, 1796ರದು. ದಕ್ಷಿಣದಿಂದ ದೋಣಿಗಳಲ್ಲಿ ಬರುತ್ತಿದ್ದ ಮೋರೊ ಮುಸ್ಲಿಮರ ದಾಳಿಯನ್ನು ದೂರದಿಂದಲೇ ಕಾಣಲು ಕಟ್ಟಿದ್ದು. ಅವರದೂ ಸ್ಪೇನಿನ ವಿರುದ್ಧದ ಹೋರಾಟವೇ, ಆದರೆ ಅವರು ಸೆರೆಹಿಡಿದು ಗುಲಾಮರಾಗಿ ಮಾರುತ್ತಿದ್ದುದು ಇದೇ ಕರಾವಳಿಯ ಬಡವರನ್ನು. ಇನ್ನು 1762ರಲ್ಲಿ ರಾಜಧಾನಿ ಮನಿಲಾವೇ ಕೈತಪ್ಪಿತು. ಅದನ್ನು ಹಿಡಿದ ಬ್ರಿಟಿಷ್ ಹಡಗುಗಳು ಹೊರಟದ್ದು ನಮ್ಮ ಪಕ್ಕದ ಮದ್ರಾಸಿನಿಂದ, ಭಾರತದ ಸಿಪಾಯಿಗಳನ್ನು ತುಂಬಿಕೊಂಡು. ಅವರಲ್ಲಿ ಕೆಲವರು ಮನಿಲಾ ಬಳಿಯ ಕಾಯಿಂತಾದಲ್ಲಿ ನೆಲೆನಿಂತರು. ಅವರ ವಂಶದವರು ಈಗಲೂ ಅಲ್ಲಿದ್ದಾರೆ. ಅದೇ ಗಲಿಬಿಲಿಯಲ್ಲಿ ಉತ್ತರದ ಇಲೊಕೊಸ್‌ನಲ್ಲಿ ದಿಯೆಗೊ ಸಿಲಾಂಗ್ ದಂಗೆ ಎದ್ದ. ಅವನ ಕೊಲೆಯಾದ ಮೇಲೆ ಹೆಂಡತಿ ಗಾಬ್ರಿಯೆಲಾ ಪಡೆ ನಡೆಸಿದಳು, 1763ರಲ್ಲಿ ನೇಣಿಗೇರಿದಳು. ಅವಳ ಬಗ್ಗೆ ಬೇರೆಯೇ ಒಂದು ಸಂಚಿಕೆ ಮಾಡಬೇಕು.

ಬೊಹೊಲ್‌ನ ಲೆಕ್ಕ ಚುಕ್ತಾ ಮಾಡಲು ಹೊರಟವನು ಗವರ್ನರ್ ಮರಿಯಾನೊ ರಿಕಾಫೋರ್ಟ್. 1827ರಲ್ಲಿ ಅವನು ಕಳುಹಿಸಿದ ಎರಡು ಸಾವಿರಕ್ಕೂ ಮಿಕ್ಕ ಸೈನಿಕರು ಕೆಲವು ಕಾಳಗ ಗೆದ್ದರೂ ಬೆಟ್ಟ ಗೆಲ್ಲಲಿಲ್ಲ. ಮರುವರ್ಷ ಕ್ಯಾಪ್ಟನ್ ಮಾನುಯೆಲ್ ಸಾನ್ಸ್ ಬಂದ. ವರ್ಷಕ್ಕೂ ಹೆಚ್ಚು ಕಾಲದ ಕಾದಾಟದ ನಂತರ, 1829ರ ಆಗಸ್ಟ್ 31ರಂದು ಎಲ್ಲವೂ ಮುಗಿಯಿತು. ದಗೊಹೊಯ್ ಅದಕ್ಕೆ ಎಷ್ಟೋ ಮೊದಲೇ ತೀರಿಕೊಂಡಿದ್ದ. ಸಾನ್ಸ್‌ನ ವರದಿಯ ಪ್ರಕಾರ ಯುದ್ಧದಲ್ಲಿ ಸತ್ತವರು 395, ಗಡೀಪಾರಾದವರು 98, ಶರಣಾದವರು 19,420. ಶರಣಾದವರಿಗೆ ಕ್ಷಮೆ ಸಿಕ್ಕಿತು.

ಆ 19,420 ಜನರಲ್ಲಿ ಬಹಳಷ್ಟು ಮಂದಿ ಬೆಟ್ಟದ ಮೇಲೆಯೇ ಹುಟ್ಟಿದವರಿರಬೇಕು. ತಲೆಗಂದಾಯ ಎಂದರೇನೆಂದು ಅವರ ಅಜ್ಜ ಅಜ್ಜಿಯರಿಗೂ ನೆನಪಿರಲಿಕ್ಕಿಲ್ಲ. ಸ್ಪೇನಿನ ಕಡತಗಳು ಅವರನ್ನು ದಂಗೆಕೋರರು ಎಂದವು. ನನಗೆ ಆ ಮಾತು ಬಾಯಿಗೆ ಬರುವುದಿಲ್ಲ. ಅವರು ತಮ್ಮ ಊರಿನಲ್ಲಿ ತಮ್ಮ ಪಾಡಿಗೆ ಬದುಕುತ್ತಿದ್ದವರು.

ಅವರನ್ನು ಬೆಟ್ಟದಿಂದ ಇಳಿಸಿ, ಕಣ್ಣಿಗೆ ಕಾಣುವಂತೆ ಹೊಸ ಹಳ್ಳಿಗಳಲ್ಲಿ ಕೂರಿಸಿದರು. ಬತುವಾನ್, ಕತಿಗ್ಬಿಯಾನ್, ವಾಯೆಎರ್ಮೋಸೊ. ಈ ಕೊನೆಯ ಊರೇ ಇಂದಿನ ಕಾರ್ಮೆನ್, ಕಣದಲ್ಲಿ ಸುರಿದ ರಾಶಿಗಳಂತಿರುವ ಆ ಚಾಕೊಲೇಟ್ ಬೆಟ್ಟಗಳ ಊರು. ಪ್ರವಾಸಿ ಬಸ್ಸುಗಳು ಸಾಗುವುದು ಬತುವಾನ್ ದಾಟಿಯೇ.

1900ರಲ್ಲಿ, ಸ್ಪೇನಿನ ನಂತರ ಬಂದ ಅಮೆರಿಕನ್ನರ ವಿರುದ್ಧ ಪೆದ್ರೊ ಸಾಮ್ಸನ್ ಇದೇ ದ್ವೀಪದಲ್ಲಿ ಮತ್ತೆ ಆಯುಧ ಎತ್ತಿದ. ಊರುಗಳನ್ನು ಸುಟ್ಟು ಅದನ್ನೂ ಅಡಗಿಸಿದರು. ಇಂದು ಬೊಹೊಲ್‌ನ ಬಾವುಟದಲ್ಲಿ ಎರಡು ಕತ್ತಿಗಳಿವೆ, ಒಂದು ತಾಂಬ್ಲೊಟ್‌ನದು, ಇನ್ನೊಂದು ದಗೊಹೊಯ್‌ನದು. ಕಾರ್ಮೆನ್‌ನ ಆಚೆ ಕೊಲೊನಿಯಾ ಎಂಬ ಊರಿತ್ತು. 1956ರಲ್ಲಿ ಅದನ್ನು ಪ್ರತ್ಯೇಕ ಪಟ್ಟಣ ಮಾಡಿದಾಗ ಹಳೆಯ ಹೆಸರು ಬಿಟ್ಟು ದಗೊಹೊಯ್ ಎಂದು ಹೆಸರಿಟ್ಟರು. ನೀವು ಬೊಹೊಲ್‌ಗೆ ಬರುವುದಾದರೆ ಸಮುದ್ರತೀರದ ಒಂದು ದಿನವನ್ನು ಕಡಿಮೆ ಮಾಡಿ, ಇನಬಂಗಾದಿಂದ ದನಾವ್, ಅಲ್ಲಿಂದ ದಗೊಹೊಯ್, ಕಾರ್ಮೆನ್ ಹೀಗೆ ಒಳನಾಡಿನ ದಾರಿ ಹಿಡಿಯಿರಿ. ಗುಹೆಗೆ ಇಳಿಯುವಾಗ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಮಳೆ ಬಂದ ಮರುದಿನ ಮಾತ್ರ ಹೋಗಬೇಡಿ.