ತಿದ್ದಬೇಡಿ, ಬರೆಯಲು ಬಿಡಿ

ನಮಸ್ಕಾರ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ನಡೆಯುತ್ತಾರೆ, ಊಟ ಮಾಡುತ್ತಾರೆ, ಮಾತೂ ಸುಮಾರಾಗಿ ಬರುತ್ತದೆ. ಪೆನ್ನು ಕೊಟ್ಟರೆ ಮಾತ್ರ ಒಂದು ಸಾಲಿಗೇ ಸುಸ್ತು. ಒತ್ತಕ್ಷರ ಬಿಟ್ಟಿರುತ್ತದೆ, ಹೇಳಬೇಕಾದದ್ದು ಅರ್ಧದಲ್ಲೇ ಮರೆತಿರುತ್ತದೆ. ಆಗ ಮನೆಯವರು ಮಕ್ಕಳ ಕಾಪಿ ಪುಸ್ತಕ ತಂದು ಅ ಆ ಇ ಈ ತಿದ್ದಿಸಲು ಕೂರುತ್ತಾರೆ. ದಯವಿಟ್ಟು ಬೇಡ. ಅವರು ಮಗುವಲ್ಲ. ತಮ್ಮ ವಿಷಯ ತಾವೇ ಬರೆಯಲಿ. ತಪ್ಪಾಗಿಯೇ ಬರೆಯಲಿ.

ಒಬ್ಬ ಸೈನಿಕನ ವಿಷಯ ಹೇಳುತ್ತೇನೆ. ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತೀರಿ ಅಂತ ನಮ್ಮ ಮನೆಯಲ್ಲಿ ಗೊಣಗುತ್ತಾರೆ, ಇರಲಿ. ಹೆಸರು ಲೆವ್ ಝಸೆಟ್ಸ್ಕಿ. 1943ರ ಮಾರ್ಚಿನಲ್ಲಿ, ರಷ್ಯಾದ ಸ್ಮೊಲೆನ್ಸ್ಕ್ ಕಡೆಯ ಯುದ್ಧದಲ್ಲಿ, ಇವನ ತಲೆಯ ಎಡಭಾಗಕ್ಕೆ, ಹಿಂದುಗಡೆ ಗುಂಡು ಬಿತ್ತು. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಈಗ ಒಂದಕ್ಷರ ಓದಲು ಬಾರದು. ಪೆನ್ಸಿಲ್ ಹಿಡಿಯುವುದು ಹೇಗೆಂದೇ ಮರೆತಿತ್ತು. ಒಂದೊಂದು ಅಕ್ಷರವನ್ನೂ ನೆನಪಿಸಿಕೊಂಡು ಗೀಚಬೇಕು. ಒಂದು ದಿನ ವೈದ್ಯರು, ಯೋಚಿಸಬೇಡ, ಕೈ ಎತ್ತದೆ ಒಂದೇ ಓಟದಲ್ಲಿ ಬರೆದುಬಿಡು ಅಂದರು. 'ರಕ್ತ' ಎಂಬ ಪದ. ಬಾಯಲ್ಲಿ ಕೆಲವು ಸಲ ಹೇಳಿಕೊಂಡು ಬರೆದೇಬಿಟ್ಟ! ಬರೆದದ್ದನ್ನು ಓದಲು ಮಾತ್ರ ಬರಲಿಲ್ಲ. ಅಕ್ಷರದ ಆಕಾರ ಗುರುತಿಸುವ ಜಾಗ ಹಾಳಾಗಿತ್ತು, ಕೈಗೆ ರೂಢಿಯಾದ ಓಟ ಉಳಿದಿತ್ತು, ಅಷ್ಟೇ. ಮುಂದೆ ಸುಮಾರು 25 ವರ್ಷ ತನ್ನ ಬದುಕನ್ನು ತಾನೇ ಬರೆದ. ಹತ್ತಿರ ಹತ್ತಿರ 3000 ಪುಟ. ಇಡೀ ದಿನ ಕೂತರೂ ಕೆಲವೊಮ್ಮೆ ಒಂದು ಪುಟ ಆಗುತ್ತಿರಲಿಲ್ಲ. ಅವನನ್ನು ನೋಡುತ್ತಿದ್ದ ಲೂರಿಯಾ ಎಂಬ ವಿಜ್ಞಾನಿ ಅದನ್ನೆಲ್ಲ ಲೋಕಕ್ಕೆ ತೋರಿಸಿದರು. ಯಾರಾದರೂ ಪಕ್ಕದಲ್ಲಿ ಕೂತು ಅವನ ಒಂದೊಂದು ತಪ್ಪನ್ನೂ ತಿದ್ದುತ್ತಿದ್ದರೆ ಇಷ್ಟು ಬರೆಯುತ್ತಿದ್ದನಾ, ನೀವೇ ಹೇಳಿ.

ಸಮಯ ಆಗುತ್ತಾ ಬಂತು ಅಂತ ಇಲ್ಲಿ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕೆಲವರಿಗೆ ಕೈ ಸೋತಿರುತ್ತದೆ, ಕೆಲವರಿಗೆ ಪದ ಸಿಗುವುದಿಲ್ಲ, ಕೆಲವರಿಗೆ ಗಮನ ನಿಲ್ಲುವುದಿಲ್ಲ. ಸೋಮಾರಿತನ ಅನ್ನಬೇಡಿ. ಟಿವಿ ಆರಿಸಿ. ಬೆಳಿಗ್ಗೆ, ದಣಿವಾಗುವ ಮೊದಲು, ಹತ್ತು ನಿಮಿಷ ಸಾಕು. ಸಂತೆಯ ಚೀಟಿ ಬರೆಯಲಿ, ತಂಗಿಗೆ ಮೆಸೇಜ್ ಕಳಿಸಲಿ. ಮೊಬೈಲಿಗೆ ಮಾತಾಡಿ ಟೈಪ್ ಮಾಡಿಸಿದರೂ ಅದು ಬರವಣಿಗೆಯೇ. ನೀವು ಕೆಂಪು ಪೆನ್ನು ಹಿಡಿದು ಪಕ್ಕದಲ್ಲಿ ಕೂರಬೇಡಿ! ತೊಂದರೆ ಎಲ್ಲಿದೆ ಅಂತ ಸ್ಪೀಚ್ ಥೆರಪಿಸ್ಟ್ ಪರೀಕ್ಷೆ ಮಾಡಿ ಹೇಳುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಎರಡೂ ಕಡೆ ಇವರಿದ್ದಾರೆ. ಹೋಗುವಾಗ ಪೆಟ್ಟಾದವರೇ ಬರೆದ ಒಂದು ಹಾಳೆ ತೆಗೆದುಕೊಂಡು ಹೋಗಿ. ನೀವು ತಿದ್ದಿದ್ದಲ್ಲ, ತಪ್ಪಿರುವುದನ್ನೇ.