ಗೇಟು ಯಾರ ಸ್ವಂತದ್ದೂ ಅಲ್ಲ

ಹಾಸನ ಜಿಲ್ಲೆಯ ಕೇಳುಗರಿಗೆ ನಮಸ್ಕಾರ. ಮೂಡಿಗೆರೆ, ಚಿಕ್ಕಮಗಳೂರು ಕಡೆಯಿಂದ ಕೇಳುತ್ತಿರುವವರಿಗೂ ನಮಸ್ಕಾರ.

ಮಗಳ ಬಾಣಂತನಕ್ಕೆ ದುಬೈಗೆ, ಮಗನ ಮನೆಗೆ ಪುಣೆಗೆ, ಇಲ್ಲವೇ ಕಾಶಿ ಯಾತ್ರೆಗೆ ಅಂತ ನಮ್ಮ ಕಡೆಯವರು ಈಗ ಜಾಸ್ತಿ ವಿಮಾನ ಹತ್ತುತ್ತಿದ್ದಾರೆ. ಹೋಗಿ ಬಂದವರು ನನ್ನ ಹತ್ತಿರ ಒಂದೇ ದೂರು ಹೇಳುತ್ತಾರೆ. "ವಿಮಾನ ಹತ್ತುವ ಬೋರ್ಡಿಂಗ್ ಪಾಸಿನಲ್ಲಿ ಒಂದು ಗೇಟು ಬರೆದಿತ್ತು. ಅಲ್ಲಿ ಹೋಗಿ ಕೂತರೆ ಇನ್ನೊಂದು ಗೇಟಿಗೆ ಓಡಿಸಿದರು. ಅಷ್ಟು ದುಡ್ಡು ತಗೊಂಡು ಇದೇನು ಪದ್ಧತಿ?"

ಗೇಟು ಅಂದರೆ ವಿಮಾನ ಹತ್ತಲು ಹೋಗುವ ಬಾಗಿಲು, ಅದರ ಎದುರಿಗೆ ವಿಮಾನ ನಿಲ್ಲುವ ಜಾಗ. ವಿಮಾನ ನಿಲ್ದಾಣದಲ್ಲಿ ಯಾವ ವಿಮಾನ ಯಾವ ಗೇಟಿಗೆ ಅಂತ ಹಂಚುವುದೇ ನನ್ನ ಉದ್ಯೋಗವಾಗಿತ್ತು. ಹಾಗಾಗಿ ಇವತ್ತು ನಾನು ಹೇಳುವುದು ಒಂದೇ ಮಾತು. ಗೇಟು ಯಾರ ಸ್ವಂತದ್ದೂ ಅಲ್ಲ. ನಿಮ್ಮದಲ್ಲ, ವಿಮಾನ ಕಂಪನಿಯದೂ ಅಲ್ಲ. ನಮ್ಮಲ್ಲಿ ಕಂಪನಿಗೆ ಸಿಗುವುದು ಇಷ್ಟು ಹೊತ್ತಿನಿಂದ ಇಷ್ಟು ಹೊತ್ತು ಅನ್ನುವ ಸಮಯ ಮಾತ್ರ.

ಹಿಂದೆ ನಮ್ಮ ಊರುಗಳಲ್ಲಿ ನಾಲ್ಕೈದು ಮನೆಗೆ ಸೇರಿ ಒಂದೇ ಕಣ ಇರುತ್ತಿತ್ತು. ಒಬ್ಬರ ರಾಗಿ ರಾಶಿ ಎದ್ದ ಮೇಲೆ ತಾನೇ ಇನ್ನೊಬ್ಬರ ಮೆದೆ ಇಳಿಯುವುದು? ಗೇಟೂ ಅಷ್ಟೇ. ಮೊದಲಿನವರು ತಡ ಮಾಡಿದರೆ ಹಿಂದಿನವರೆಲ್ಲ ಕಾಯಬೇಕು.

ಅಮೆರಿಕದ ಕೆಲವು ನಿಲ್ದಾಣಗಳಲ್ಲಿ ಕಂಪನಿಗಳು ಗೇಟುಗಳನ್ನು ತಮಗೇ ಅಂತ ಗುತ್ತಿಗೆ ಹಿಡಿಯುವ ಪದ್ಧತಿ ಇದೆ. ಆಗ ಒಬ್ಬರ ಗೇಟು ಖಾಲಿ ಇದ್ದರೂ ಪಕ್ಕದವರ ವಿಮಾನ ಜಾಗವಿಲ್ಲದೆ ನಿಲ್ಲಬೇಕಾಗುತ್ತದೆ. ಎಲ್ಲರೂ ಸೇರಿ ಬಳಸಿದರೆ ಅಷ್ಟೇ ಗೇಟುಗಳಲ್ಲಿ ಜಾಸ್ತಿ ವಿಮಾನ ಹಿಡಿಸುತ್ತವೆ. ಟಿಕೆಟ್ ದರಕ್ಕೂ ಇದಕ್ಕೂ ಸಂಬಂಧ ಇದೆ. ನೆಲದ ಮೇಲೆ ನಿಂತ ವಿಮಾನ ಒಂದು ರೂಪಾಯಿಯನ್ನೂ ದುಡಿಯುವುದಿಲ್ಲ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಸಾಮಾನ್ಯ ಜನರನ್ನೂ ವಿಮಾನ ಹತ್ತಿಸಿದರಲ್ಲ, ಅಂಥ ಕಡಿಮೆ ದರದ ವಿಮಾನ ಬಂದ ಅರ್ಧ ಗಂಟೆಯೊಳಗೆ ಮತ್ತೆ ಹೊರಡಬೇಕು. ಇಲ್ಲದಿದ್ದರೆ ಆ ದರ ಉಳಿಯುವುದಿಲ್ಲ.

ಒಂದು ಜನವರಿ ಬೆಳಗಿನ ಜಾವದ ವಿಷಯ ಹೇಳಲೇಬೇಕು. ಆಗ ನಾನೊಂದು ದೊಡ್ಡ ನಿಲ್ದಾಣದಲ್ಲಿದ್ದೆ. ರಾತ್ರಿ ತಂಗಿದ್ದ ವಿಮಾನಗಳು ಎಲ್ಲ ಗೇಟುಗಳಲ್ಲೂ ನಿಂತಿದ್ದವು. ಐದು ಗಂಟೆಯ ನಂತರ ಒಂದೊಂದಾಗಿ ಹೊರಡಬೇಕಿತ್ತು. ಅಷ್ಟರಲ್ಲಿ ಮಂಜು ಕವಿಯಿತು. ಎದುರಿಗಿದ್ದ ರೆಕ್ಕೆಯ ದೀಪವೂ ಕಾಣದಷ್ಟು ಮಂಜು. ಯಾವ ವಿಮಾನಕ್ಕೂ ಹೊರಡಲು ಅಪ್ಪಣೆ ಸಿಗಲಿಲ್ಲ. ಮಂಜು ಮುಚ್ಚುವ ಸ್ವಲ್ಪ ಮೊದಲು ಗಲ್ಫ್ ಕಡೆಯಿಂದ ಒಂದು ದೊಡ್ಡ ಬೋಯಿಂಗ್ 777 ಇಳಿದಿತ್ತು. ಒಳಗೆ ಮುನ್ನೂರಕ್ಕೂ ಜಾಸ್ತಿ ಜನ. ಮಕ್ಕಳು, ವಯಸ್ಸಾದವರು. ಗೇಟಿಲ್ಲದೆ, ರನ್‌ವೇಯಿಂದ ಗೇಟಿಗೆ ಬರುವ ಟ್ಯಾಕ್ಸಿ ದಾರಿಯಲ್ಲೇ ನಿಂತುಬಿಟ್ಟಿತು.

ಆ ವಿಮಾನದ ರೆಕ್ಕೆಗಳು ತುದಿಯಿಂದ ತುದಿಗೆ ಸುಮಾರು 65 ಮೀಟರ್. ನೀವು ಹತ್ತುವ ಏರ್‌ಬಸ್ 320ರದ್ದು ಸುಮಾರು 36 ಮೀಟರ್. ಒಂದು ದೊಡ್ಡದು ಇಲ್ಲವೇ ಎರಡು ಚಿಕ್ಕವು ನಿಲ್ಲುವಂಥ ಜಾಗಗಳನ್ನು ದೊಡ್ಡ ನಿಲ್ದಾಣಗಳಲ್ಲಿ ಮಾಡಿರುತ್ತಾರೆ. ಅಂಥ ಒಂದು ಜಾಗದಲ್ಲಿ ಎರಡು ಚಿಕ್ಕ ವಿಮಾನ ನಿಂತಿದ್ದವು. ಒಂದನ್ನು ಸರಿಸಲು ಒಪ್ಪಿದರು. ಇನ್ನೊಂದರ ಮ್ಯಾನೇಜರ್ ಒಪ್ಪಲಿಲ್ಲ. "ಇದು ವರ್ಷದಿಂದ ನಮ್ಮ ಗೇಟು. ನಮ್ಮ ಜನ ಆಗಲೇ ಇಲ್ಲಿ ಕೂತಿದ್ದಾರೆ" ಅಂದರು. ನಾನು ಹೇಳಿದೆ, "ಸ್ವಾಮಿ, ಗೇಟು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ನಿಮಗೆ ಕೊಟ್ಟ ಹೊತ್ತು ಮುಗಿಯಿತು. ಆ ಮುನ್ನೂರು ಜನ ಎಲ್ಲಿ ಇಳಿಯಬೇಕು ಹೇಳಿ."

ಕೊನೆಗೆ ಒಪ್ಪಿದರು. ಟ್ರ್ಯಾಕ್ಟರ್ ಕಟ್ಟಿ, ಮುಂದೆ ಜೀಪು ದಾರಿ ತೋರಿಸುತ್ತಾ, ಆ ಮಂಜಿನಲ್ಲಿ ಎರಡೂ ಖಾಲಿ ವಿಮಾನಗಳನ್ನು ನಿಧಾನವಾಗಿ ದೂರದ ಜಾಗಕ್ಕೆ ಎಳೆದುಕೊಂಡು ಹೋದರು. ದೊಡ್ಡ ವಿಮಾನ ಒಳಗೆ ಬಂತು. ಜನ ಇಳಿದರು.

ಕೆಲಸ ಅಲ್ಲಿಗೂ ಮುಗಿಯಲಿಲ್ಲ. ಆ ಮ್ಯಾನೇಜರ್ ಕಂಪನಿಯ ವಿಮಾನದ ಪ್ರಯಾಣಿಕರು ಬೇರೆ ಗೇಟಿಗೆ ಹೋಗಿ ಬಸ್ಸು ಹತ್ತಬೇಕಿತ್ತು. ಎಲ್ಲರೂ ಹೋದರು, ಒಬ್ಬರು ಇಲ್ಲ. ಬೇಲೂರು ಕಡೆಯ ಹಿರಿಯರು. ಹಳೆಯ ಗೇಟಿನ ಮುಂದೆ ಪಾಸು ಹಿಡಿದುಕೊಂಡು ಕೂತೇ ಇದ್ದರು. ಅವರ ಚೀಲ ವಿಮಾನದ ಹೊಟ್ಟೆಯಲ್ಲಿತ್ತು. ಜನ ಬರದೆ ಚೀಲ ಮಾತ್ರ ಹೋಗುವಂತಿಲ್ಲ, ಅದು ಭದ್ರತೆಯ ನಿಯಮ. ಲೋಡರ್‌ಗಳು ಬಾಗಿಲು ತೆಗೆದು ಚೀಲ ಹುಡುಕಲು ನಿಂತರು. ಅಷ್ಟರಲ್ಲಿ ನಮ್ಮ ಹುಡುಗಿಯೊಬ್ಬಳು ಹಿರಿಯರನ್ನು ಹುಡುಕಿ ಕರೆತಂದಳು. "ಇದರಲ್ಲಿ ಈ ಗೇಟೇ ಇದೆಯಲ್ಲಮ್ಮ" ಅಂತ ಪಾಸು ತೋರಿಸಿದರಂತೆ. ಅವರು ಹತ್ತಿ ಬಾಗಿಲು ಹಾಕುವ ಹೊತ್ತಿಗೆ ಮಂಜು ತೆಳುವಾಗಿತ್ತು. ಆದರೆ ಆ ವಿಮಾನ ಹೊರಡುವ ಸರದಿ ಕೈ ತಪ್ಪಿತ್ತು. ಬೇರೆ ವಿಮಾನಗಳು ಮುಂದೆ ಹೋಗಿದ್ದವು.

ಆ ಹಿರಿಯರನ್ನು ನಾನು ದೂರುವುದಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಇವತ್ತು ನಿಮಗೆ ಹೇಳುತ್ತಿದ್ದೇನೆ. ಪಾಸಿನ ಮೇಲಿನ ಗೇಟು ನಂಬರು ಅದನ್ನು ಅಚ್ಚು ಮಾಡಿದ ಹೊತ್ತಿನದು. ದಯವಿಟ್ಟು ನಿಲ್ದಾಣದೊಳಗೆ ಗೇಟು ನಂಬರು ತೋರಿಸುವ ಬೋರ್ಡು ನೋಡಿ. ಕಾಫಿ ಕುಡಿದ ಮೇಲೆ ಇನ್ನೊಮ್ಮೆ ನೋಡಿ. ಸಾಮಾನ್ಯವಾಗಿ ಹೊರಡುವ ಸಮಯಕ್ಕೆ 25 ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ. "ಐದೇ ನಿಮಿಷ ಅಲ್ವಾ" ಅನ್ನಬೇಡಿ. ಗೇಟಿನಲ್ಲಿ ನಿಂತ ಹುಡುಗ ಹುಡುಗಿಯರ ಮೇಲೆ ಕೂಗಾಡಬೇಡಿ. ಗೇಟು ಬದಲಾಯಿಸಿದ್ದು ಅವರಲ್ಲ.

ಸಮಯ ಆಗುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಚೆಕ್-ಇನ್ ಕೌಂಟರೂ ಹೀಗೇ. ಮೊದಲೆಲ್ಲ ಕಂಪನಿಗೊಂದು ಕೌಂಟರು, ಅದಕ್ಕೇ ಬೇರೆ ಕಂಪ್ಯೂಟರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಸಮಯದಲ್ಲಿ ಎಲ್ಲ ಕಂಪನಿಗಳೂ ಒಂದೇ ಕಂಪ್ಯೂಟರು ಬಳಸುವ ಏರ್ಪಾಟು ಬಂತು. ಹೀಗಾಗಿ ಬೆಳಗ್ಗೆ ಒಂದು ಕಂಪನಿ ಕೂತ ಕೌಂಟರಿನಲ್ಲಿ ಮಧ್ಯಾಹ್ನ ಇನ್ನೊಂದು ಕೂರುತ್ತದೆ. ಹೋದ ಸಲದ ನೆನಪಿನ ಮೇಲೆ ಹೋಗಬೇಡಿ, ಬೋರ್ಡು ನೋಡಿ. ಚೀಲ ಬರುವ ಬೆಲ್ಟಿಗೂ ಇದೇ ಮಾತು.

ಕೊನೆಯದಾಗಿ ಗಾಲಿ ಕುರ್ಚಿ. ಮನೆಯ ಹಿರಿಯರಿಗೆ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ. ಕುರ್ಚಿ ತಳ್ಳುವವರೂ ಒಂದು ವಿಮಾನದಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತಾರೆ. ಮೊದಲೇ ಗೊತ್ತಿದ್ದರೆ ನಿಮ್ಮ ಅಮ್ಮನಿಗೆ ಒಂದು ಎತ್ತಿಡುತ್ತಾರೆ. ನಮಸ್ಕಾರ.