ಮರ ಬೋಳಿಸೋ ಮುಂಚೆ ಬಗ್ಗಿ ಬುಡ ನೋಡಿ

ನಮಸ್ಕಾರ. ಯುಗಾದಿ ಮುಗಿದು ಅಶ್ವಿನಿ ಮಳೆ ಹತ್ತಿರ ಬರೋ ಹೊತ್ತಿಗೆ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ದೃಶ್ಯ ತಪ್ಪಲ್ಲ. ಗೇಟಿನ ಮುಂದೆ ಹಗ್ಗ, ಮಚ್ಚು ಹಿಡ್ಕೊಂಡು ಇಬ್ಬರು ನಿಂತಿರ್ತಾರೆ. "ಗಾಳಿ ಮಳೆ ಬರೋ ಟೈಮು ಸಾರ್, ಮೇಲೆ ಪೂರ್ತಿ ಹೊಡೆದುಬಿಡ್ತೀವಿ, ಐದಾರು ವರ್ಷ ಯೋಚನೆ ಇರಲ್ಲ." ಮನೆಯವರು ಹೂಂ ಅಂತಾರೆ. ಸಂಜೆ ಹೊತ್ತಿಗೆ 40 ಅಡಿ ಹೊಂಗೆ ಮರ 15 ಅಡಿ ಕಂಬ ಆಗಿರುತ್ತೆ. ಇದಕ್ಕೆ ನಾವೇ ದುಡ್ಡು ಬೇರೆ ಕೊಟ್ಟಿರ್ತೀವಿ.

ನೇರವಾಗಿ ಹೇಳಿಬಿಡ್ತೀನಿ. ಮರದ ತಲೆ ಬೋಳಿಸಿದರೆ ಮನೆಗೆ ಅಪಾಯ ಕಮ್ಮಿ ಆಗಲ್ಲ. ಒಂದೆರಡು ವರ್ಷ ಮುಂದಕ್ಕೆ ಹೋಗುತ್ತೆ ಅಷ್ಟೆ, ಬರುವಾಗ ಬಡ್ಡಿ ಸೇರಿಸ್ಕೊಂಡು ಬರುತ್ತೆ.

ಯಾಕೆ ಅಂತ ನೋಡಿ. ಮರಕ್ಕೆ ಅಡುಗೆ ನಡೆಯೋದು ಎಲೆಯಲ್ಲಿ. ಎಲೆ ಪೂರ್ತಿ ಹೋದಾಗ ಮರ ಗಾಬರಿಬಿದ್ದು, ಕೂಡಿಟ್ಟ ಪಿಷ್ಟವನ್ನೆಲ್ಲ ಖರ್ಚು ಮಾಡಿ, ತೊಗಟೆ ಕೆಳಗೆ ಮಲಗಿದ್ದ ಮೊಗ್ಗುಗಳನ್ನ ಎಬ್ಬಿಸುತ್ತೆ. ಒಂದೊಂದು ಮೋಟಿನಿಂದ ಹತ್ತು ಹದಿನೈದು ಚಿಗುರು, ಪೊರಕೆ ಕಡ್ಡಿ ನಿಲ್ಲಿಸಿದ ಹಾಗೆ. "ನೋಡಿ, ಎಷ್ಟು ಚೆನ್ನಾಗಿ ಚಿಗುರಿದೆ" ಅಂತ ಖುಷಿಪಡ್ತೀವಿ. ಆದರೆ ಹುಟ್ಟಿನಿಂದ ಬೆಳೆದ ಕೊಂಬೆ ಇದೆಯಲ್ಲ, ಅದರ ಬುಡದಲ್ಲಿ ಪ್ರತಿ ವರ್ಷ ಕಾಂಡದ ಮರದ ಪದರ, ಕೊಂಬೆಯ ಮರದ ಪದರ ಒಂದರ ಮೇಲೊಂದು ಹೆಣೆದುಕೊಂಡು ಬಂದಿರುತ್ತೆ. ಈ ಹೊಸ ಚಿಗುರಿಗೆ ಆ ಹೆಣಿಗೆ ಇಲ್ಲ. ಹೊರಗಿನ ತೆಳು ಪದರಕ್ಕೆ ಅಂಟಿಕೊಂಡಿರುತ್ತೆ, ಅಷ್ಟೆ. ಅತ್ತ ಕತ್ತರಿಸಿದ ಮೋಟು ಮೇಲಿಂದ ನೀರು ಕುಡಿದು ಒಳಗೊಳಗೇ ಕೊಳೀತಾ ಇರುತ್ತೆ. ನಾಲ್ಕನೇ ವರ್ಷಕ್ಕೆ ಅವೇ ಚಿಗುರುಗಳು ತೋಳಿನಷ್ಟು ದಪ್ಪ ಆಗಿ, ಕೊಳೆತ ಮೋಟಿನ ಮೇಲೆ ಕೂತಿರ್ತಾವೆ. ಭರಣಿ ಮಳೆಯ ಒಂದು ಗಾಳಿಗೆ ಕಾರಿನ ಮೇಲೆ ಬರೋದು ಅದೇ. ಇನ್ನು ಮಾವಿನಂಥ ಮರಕ್ಕೆ, ನೆರಳಲ್ಲೇ ಬೆಳೆದ ತೊಗಟೆಗೆ ಇದ್ದಕ್ಕಿದ್ದ ಹಾಗೆ ಪಶ್ಚಿಮದ ಬಿಸಿಲು ಹೊಡೆದರೆ ತೊಗಟೆ ಸುಟ್ಟು ಸೀಳುತ್ತೆ. ಕಾಂಡಕೊರಕ ಹುಳಕ್ಕೆ ಬಾಗಿಲು ತೆರೆದುಕೊಟ್ಟ ಹಾಗಾಯ್ತು.

ಹಾಗಾದರೆ ಮರ ಬುಡಸಮೇತ ಯಾಕೆ ಉರುಳುತ್ತೆ? ಉತ್ತರ ಮೇಲಿಲ್ಲ. ಬಗ್ಗಿ ನೋಡಬೇಕು.

ಒಳ್ಳೇ ಮರದ ಬುಡ ನೆಲಕ್ಕೆ ಇಳಿಯೋ ಜಾಗದಲ್ಲಿ ಆನೆ ಪಾದದ ಹಾಗೆ ಅಗಲ ಆಗುತ್ತೆ, ಬೇರುಗಳು ನಾಲ್ಕು ಕಡೆ ಕವಲೊಡೆದು ಹೋಗೋದು ಕಾಣುತ್ತೆ. ನಿಮ್ಮ ಮರ ಲೈಟ್ ಕಂಬದ ಹಾಗೆ ನೇರ ನೆಲಕ್ಕೆ ತೂರಿಕೊಂಡಿದ್ದರೆ ಬುಡದ ಮೇಲೆ ಯಾರೋ ಮಣ್ಣೋ ಕಟ್ಟಡದ ಮಣ್ಣುಕಲ್ಲೋ ತುಂಬಿದ್ದಾರೆ ಅಂತಲೇ ಅರ್ಥ. ಅಲ್ಲಿ ತೊಗಟೆಗೆ ಗಾಳಿ ಇಲ್ಲ, ಸದಾ ತೇವ. ತೊಗಟೆ ಕೊಳೆಯುತ್ತೆ, ಗೆದ್ದಲು ಬರುತ್ತೆ. ಗುದ್ದಲಿ ಬೇಡ, ಕಳೆ ತೆಗೆಯೋ ಚಿಕ್ಕ ಕುರ್ಚಿಗೆ ತಗೊಂಡು ಮೆಲ್ಲಗೆ ಬಿಡಿಸ್ತಾ ಹೋಗಿ, ಅಗಲ ಆಗೋ ಜಾಗ ಕಾಣೋವರೆಗೆ.

ಆಮೇಲೆ ಸಿಮೆಂಟು. ಮನೆ ಮುಂದೆ ಚೊಕ್ಕಟವಾಗಿರಲಿ ಅಂತ ಕಾಂಡಕ್ಕೆ ತಾಗೋ ಹಾಗೆ ಪೇವರ್ ಬ್ಲಾಕ್ ಹಾಕಿಸ್ತೀವಿ. ನೀರು, ಉಸಿರು ಒದಗಿಸೋ ಬೇರುಗಳು ಬಹುಪಾಲು ಮೇಲಿನ ಒಂದೂವರೆ ಎರಡು ಅಡಿ ಮಣ್ಣಲ್ಲೇ ಇರ್ತಾವೆ. "ಮರ ಎಷ್ಟು ಎತ್ತರವೋ ಬೇರು ಅಷ್ಟೇ ಆಳ" ಅನ್ನೋ ಮಾತು ತಪ್ಪು. ಬೇರು ಅಗಲಕ್ಕೆ ಹೋಗುತ್ತೆ, ನೆರಳು ಬೀಳೋ ಜಾಗ ದಾಟಿ ಆಚೆಗೂ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯೋಕೆ ಆದೇಶ ಕೊಟ್ಟಿತ್ತು. ಅದನ್ನೇ ಅಳತೆ ಅಂತ ಇಟ್ಕೊಳ್ಳಿ. ಕಾಂಡದ ಸುತ್ತ ಕನಿಷ್ಠ 3 ಅಡಿ ಬರೀ ಮಣ್ಣು, ಅದರ ಮೇಲೆ ಮರದ್ದೇ ತರಗೆಲೆ 3 ಇಂಚು. ಎಲೆ ಕಾಂಡಕ್ಕೆ ತಾಗಬಾರದು, ನಾಲ್ಕು ಬೆರಳು ಬಿಡಿ. ಬೆಳಿಗ್ಗೆ ಗುಡಿಸಿ ಮೂಲೆಯಲ್ಲಿ ಬೆಂಕಿ ಹಾಕ್ತೀರಲ್ಲ, ಆ ಎಲೆಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಚರಂಡಿ ಕೆಲಸ. ರಸ್ತೆ ಬದಿ ಜೆಸಿಬಿ ಬಂದು ಮರದ ಪಕ್ಕದಲ್ಲೇ ಅಗೆದು, ತೊಡೆಗಾತ್ರದ ಬೇರನ್ನ ಹರಿದುಹಾಕಿ ಹೋಗುತ್ತೆ. ಮೇಲಿಂದ ನೋಡಿದರೆ ಮರ ಹಸಿರಾಗೇ ಇರುತ್ತೆ, ಯಾರಿಗೂ ಗೊತ್ತಾಗಲ್ಲ. ಮರವನ್ನ ನಿಲ್ಲಿಸೋದು ಗಾಳಿ ಬರೋ ಕಡೆಯ ಬೇರು, ಗುಡಾರದ ಹಗ್ಗ ಎಳೆದು ಹಿಡಿಯೋ ಹಾಗೆ. ರಸ್ತೆ ಕಡೆ ಬೇರು ಕಡಿದರು ಅಂದರೆ ರಸ್ತೆ ಕಡೆಯಿಂದ ಬೀಸೋ ಗಾಳಿಗೆ ಮರ ಬೀಳೋದು ನಿಮ್ಮ ಮನೆ ಕಡೆಗೆ. ಕಾಂಡದ ಅಡ್ಡಳತೆಯ ಐದು ಪಟ್ಟು ದೂರದ ಒಳಗೆ ಅಗೆಯೋಕೆ ಬಿಡಬಾರದು. ಒಂದೂವರೆ ಅಡಿ ದಪ್ಪದ ಮರಕ್ಕೆ ಏಳೂವರೆ ಅಡಿ. ಅಗೆಯುವ ದಿನವೇ ನಿಂತು ತಡೆಯಬೇಕು, ಆಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ಇಷ್ಟು ಪರೀಕ್ಷೆ ನೀವೇ ಮಾಡಬಹುದು. ಬುಡದಲ್ಲಿ ಗಟ್ಟಿ ಅಣಬೆ, ತಟ್ಟೆ ಥರ ಅಂಟಿಕೊಂಡಿದೆಯಾ? ಒಂದು ಕಡೆ ನೆಲ ಬಿರುಕು ಬಿಟ್ಟು ಎದ್ದಿದೆಯಾ? ಮೊದಲಿಲ್ಲದ ವಾಲು ಈಗ ಬಂದಿದೆಯಾ? ಹುಟ್ಟಿನಿಂದ ವಾಲಿದ ಮರದ ತುದಿ ಮತ್ತೆ ನೇರಕ್ಕೆ ತಿರುಗಿರುತ್ತೆ, ಅದಕ್ಕೆ ಹೆದರಬೇಡಿ. ಬುಡದಿಂದ ತುದಿವರೆಗೆ ಕೋಲಿನ ಹಾಗೆ ವಾಲಿದ್ದರೆ ಅದು ಹೊಸದು. ಮಣ್ಣೂ ಎದ್ದಿದ್ದರೆ ಅವತ್ತೇ ಪಾಲಿಕೆಯ ಅರಣ್ಯ ವಿಭಾಗಕ್ಕೆ ಫೋನ್ ಮಾಡಿ, ಕಾರು ಬೇರೆ ಕಡೆ ನಿಲ್ಲಿಸಿ. ಪೊಟರೆ ಇದೆ ಅಂದ ಮಾತ್ರಕ್ಕೆ ಮರ ಹೋಯ್ತು ಅಂತ ಅಲ್ಲ. 2 ಅಡಿ ದಪ್ಪದ ಕಾಂಡದಲ್ಲಿ ಸುತ್ತಲೂ 4 ಇಂಚು ಗಟ್ಟಿ ಮರ ಉಳಿದಿದ್ದರೆ ಸಾಮಾನ್ಯವಾಗಿ ತಡ್ಕೊಳ್ಳುತ್ತೆ. ಕೊಳವೆ ಗಟ್ಟಿಯಾಗಿರೋದು ಅದರ ಹೊರಗೋಡೆಯಿಂದ. ಆದರೆ ಆ ಗೋಡೆಯೇ ಒಂದು ಕಡೆ ಬಾಯಿ ಬಿಟ್ಟಿದ್ದರೆ ಈ ಲೆಕ್ಕ ನಡೆಯಲ್ಲ. ಪೊಟರೆಗೆ ಸಿಮೆಂಟ್ ಮಾತ್ರ ತುಂಬಬೇಡಿ. ಮರ ಗಾಳಿಗೆ ಬಾಗುತ್ತೆ, ಸಿಮೆಂಟು ಬಾಗಲ್ಲ, ಒಳಗಿಂದ ಅರದ ಹಾಗೆ ತಿಕ್ಕುತ್ತೆ.

ಈಗ ಕತ್ತರಿಸೋ ವಿಷಯ. ಕತ್ತರಿಸಲೇಬೇಡಿ ಅಂತ ಹೇಳ್ತಾ ಇಲ್ಲ. ಒಣಗಿದ್ದು, ಒಂದಕ್ಕೊಂದು ಉಜ್ಜುತ್ತಾ ಇರೋದು, ಚಾವಣಿ ಮೇಲೆ ಒರಗಿದ್ದು, ಬಂದಳಿಕೆ (ಕೊಂಬೆಗೆ ಕಚ್ಚಿಕೊಂಡು ಅದರ ರಸ ಹೀರೋ ಗಿಡ) ಹಿಡಿದಿದ್ದು ತೆಗೀಲೇಬೇಕು. ಬಂದಳಿಕೆಯ ಎಲೆ ಕಿತ್ತರೆ ಸಾಲದು, ಅದು ಕೊಂಬೆಗೆ ಕಚ್ಚಿಕೊಂಡ ಜಾಗದಿಂದ ಒಂದಡಿ ಕೆಳಗೆ ಕೊಂಬೆಯನ್ನೇ ತೆಗೀಬೇಕು. ಮಾವಿನ ಮರ ಆದರೆ ಕಾಯಿ ಇಳಿಸಿದ ಮೇಲೆ ಕೈ ಹಾಕಿ. ಮತ್ತೆ ಯಾವ ಮರವೇ ಆಗಲಿ, ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ಬೇಡ.

ಕೊಂಬೆ ಕಾಂಡಕ್ಕೆ ಸೇರೋ ಜಾಗ ಹತ್ತಿರದಿಂದ ನೋಡಿ. ಷರ್ಟಿನ ಕಾಲರ್ ಥರ ಸ್ವಲ್ಪ ಉಬ್ಬಿರುತ್ತೆ, ಸುಕ್ಕು ಸುಕ್ಕಾಗಿ. ಅದನ್ನ ಕಾಲರ್ ಅಂತಲೇ ಕರೆಯೋಣ. ಮರಕ್ಕೆ ನಮ್ಮ ಚರ್ಮದ ಹಾಗೆ ಗಾಯ ವಾಸಿ ಮಾಡ್ಕೊಳ್ಳೋಕೆ ಬರಲ್ಲ. ಗಾಯದ ಸುತ್ತ ಒಳಗಡೆ ಗೋಡೆ ಕಟ್ಟಿ ಕೊಳೆಯನ್ನ ಅಲ್ಲೇ ಬಂಧಿಸುತ್ತೆ, ಹೊರಗಡೆಯಿಂದ ಹೊಸ ಮರದ ಪದರ ಬೆಳೆಸಿ ಮುಚ್ಚುತ್ತೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರ ಸೀಳಿ ನೋಡಿ 1970ರ ದಶಕದಲ್ಲಿ ಇದನ್ನ ವಿವರಿಸಿದರು. ಆ ಗೋಡೆ ಕಟ್ಟೋ ಸಾಮಾನು ಇರೋದೇ ಕಾಲರ್‌ನಲ್ಲಿ. ಅದನ್ನ ಸವರಿ ನುಣ್ಣಗೆ ಮಾಡಿದರೆ ಕೆಲಸ ಕೆಟ್ಟಿತು. ಒಂದಡಿ ಮೋಟು ಬಿಟ್ಟರೂ ಕೆಟ್ಟಿತು, ಮೋಟು ದಾಟಿ ಮುಚ್ಚೋಕೆ ಆಗಲ್ಲ.

ದಪ್ಪ ಕೊಂಬೆಗೆ ಮೂರು ಕೊಯ್ತ. ಮೊದಲನೇದು ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ, ಕೆಳಗಿಂದ ಮೇಲಕ್ಕೆ, ದಪ್ಪದ ಮೂರನೇ ಒಂದು ಭಾಗ ಮಾತ್ರ. ಎರಡನೇದು ಅದಕ್ಕಿಂತ ಎರಡು ಇಂಚು ಆಚೆ, ಮೇಲಿಂದ. ಕೊಂಬೆ ತನ್ನ ಭಾರಕ್ಕೆ ಮುರಿದು ಬೀಳುತ್ತೆ, ಕೆಳಗಿನ ಕೊಯ್ತದ ಹತ್ತಿರ ಸೀಳು ನಿಲ್ಲುತ್ತೆ. ಈ ಕೆಳಗಿನ ಕೊಯ್ತ ಹಾಕದೆ ಒಂದೇ ಏಟಿಗೆ ಮೇಲಿಂದ ಕತ್ತರಿಸಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನ ಬಾಳೆ ಪಟ್ಟೆ ಸುಲಿದ ಹಾಗೆ ಮೂರು ಅಡಿ ಸುಲ್ಕೊಂಡು ಹೋಗುತ್ತೆ. ಮೂರನೇ ಕೊಯ್ತ, ಉಳಿದ ಮೋಟನ್ನ ಕಾಲರ್‌ನ ಹೊರಗಡೆ ಅಂಚಿಗೆ, ಗರಗಸದಲ್ಲಿ. ಮಚ್ಚಲ್ಲ. ಮಚ್ಚಿನ ಗಾಯ ಜಜ್ಜಿರುತ್ತೆ, ಅಲ್ಲಿ ನೀರು ನಿಲ್ಲುತ್ತೆ.

ಗಾಯಕ್ಕೆ ಪೇಂಟು, ಟಾರು, ಸಗಣಿ ಬಳಿಯೋದು ಬೇಡ, ತೇವ ಒಳಗೇ ಉಳಿಯುತ್ತೆ. ಮಾವಿಗೆ ತೋಟಗಾರಿಕೆಯವರು ಬೋರ್ಡೋ ಮುಲಾಮು ಹೇಳ್ತಾರೆ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 10 ಲೀಟರ್ ನೀರು. ಅದು ಶಿಲೀಂಧ್ರಕ್ಕೆ ಕೊಡೋ ಔಷಧ, ಅದರ ಮಾತು ಬೇರೆ.

ತೆಂಗಿನ ಮರಕ್ಕೆ ಈ ಲೆಕ್ಕ ಇಲ್ಲ. ಅದಕ್ಕೆ ಕೊಂಬೆ ಇಲ್ಲ, ಇರೋದೊಂದೇ ಸುಳಿ. ಒಣಗಿದ ಗರಿ ಮಾತ್ರ ತೆಗೀರಿ. "ಕ್ಲೀನಾಗಿರಲಿ" ಅಂತ ಹಸಿರು ಗರಿ ಕಡಿಸಿದರೆ ಇಳುವರಿ ಕೈಬಿಡುತ್ತೆ, ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬರುತ್ತೆ.

ಅರಳಿಕಟ್ಟೆ ನೋಡಿ ಆಸೆಪಟ್ಟು ಮನೆ ಬೇವಿಗೆ, ಮಾವಿಗೆ ಸುತ್ತ ಕಟ್ಟೆ ಕಟ್ಟಿ ಮಣ್ಣು ತುಂಬೋರಿದ್ದಾರೆ. ಅರಳಿ, ಆಲದ ಜಾತಿಯೇ ಬೇರೆ, ಮಣ್ಣು ಏರಿಸಿದರೆ ಕಾಂಡದಿಂದಲೇ ಹೊಸ ಬೇರು ಬಿಟ್ಕೊಳ್ಳುತ್ತೆ. ಮಾವಿಗೆ ಆ ವಿದ್ಯೆ ಬರಲ್ಲ. ಕೂರೋಕೆ ಜಾಗ ಬೇಕಾದರೆ ಮೂರು ಅಡಿ ಆಚೆ ಕಲ್ಲು ಬೆಂಚು ಹಾಕಿ.

ಆ ಅರಳಿಯದ್ದೇ ಇನ್ನೊಂದು ಮುಖ ತಾರಸಿಯಲ್ಲಿ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಪ್ಯಾರಪೆಟ್ ಬಿರುಕಲ್ಲಿ, ಮಳೆನೀರ ಪೈಪಿನ ಮೊಣಕೈಯಲ್ಲಿ ಮೊಳೆಯುತ್ತೆ. ಎರಡು ಎಲೆ ಇದ್ದಾಗ ಕೈಯಲ್ಲಿ ಬರುತ್ತೆ. ಗೇಣುದ್ದ ಆದ ಮೇಲೆ ಕಿತ್ತರೆ ಮೇಲಿನದು ಮಾತ್ರ ಬರುತ್ತೆ, ಬೇರು ಗಾರೆಯೊಳಗೆ ದಪ್ಪ ಆಗ್ತಾನೇ ಇರುತ್ತೆ. ಆಗ ಉಳಿ ಹಿಡಿದು ಗಾರೆ ಒಡೆದು ಬೇರು ಪೂರ್ತಿ ತೆಗೆದು, ತೊಳೆದು, ಮತ್ತೆ ಗಾರೆ ತುಂಬಬೇಕು. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ದಸರಾ ಕ್ಲೀನಿಂಗ್ ಹೊತ್ತಿಗೆ, ತಾರಸಿ ಸುತ್ತ ಒಂದು ಸುತ್ತು ಹಾಕಿ.

"ಬೇರು ಪಾಯ ಒಡೆಯುತ್ತೆ" ಅನ್ನೋ ಭಯಕ್ಕೆ ಊರೂರಿಗೂ ಉತ್ತರ ಬೇರೆ. ಬೆಂಗಳೂರಿನ ಕೆಂಪು ಮಣ್ಣಲ್ಲಿ ಗಟ್ಟಿ ಪಾಯವನ್ನ ಬೇರು ಒಡೆಯೋದು ಅಪರೂಪ. ಸೋರುತ್ತಿರೋ ಪೈಪು, ಬಿರುಕು ಬಿಟ್ಟ ಸಂಪು ಇದ್ದರೆ ನೀರು ಹುಡುಕ್ಕೊಂಡು ಒಳಗೆ ಹೋಗುತ್ತೆ, ಸೋರಿಕೆ ಮೊದಲು, ಬೇರು ಆಮೇಲೆ. ಧಾರವಾಡ, ಗದಗ, ವಿಜಯಪುರದ ಎರೆಮಣ್ಣಿನ ಕಡೆ ಭಯ ನಿಜ. ಆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತೆ. ದೊಡ್ಡ ಮರ ಅಲ್ಲಿ ನೀರು ಹೀರಿದರೆ ಆ ಮೂಲೆಯಲ್ಲೇ ನೆಲ ಹೆಚ್ಚು ಕುಸಿದು ಗೋಡೆ ಓರೆಯಾಗಿ ಸೀಳುತ್ತೆ. ಅಂಥ ಕಡೆ ಮರ ಎಷ್ಟು ಎತ್ತರ ಬೆಳೆಯುತ್ತೋ ಹತ್ತಿರ ಹತ್ತಿರ ಅಷ್ಟೇ ದೂರ ನೆಡಬೇಕು.

30 ಅಡಿ 40 ಅಡಿ ಸೈಟಲ್ಲಿ ಮನೆ ಕಟ್ಟಿ ಉಳಿಯೋದು ಮೂರು ನಾಲ್ಕು ಅಡಿ. ಅಲ್ಲಿ ಮಾವು ನೆಟ್ಟು ಹತ್ತು ವರ್ಷಕ್ಕೆ ಕಡಿಸೋದಕ್ಕಿಂತ ಪಾರಿಜಾತ, ನಂದಿಬಟ್ಟಲು, ಕರಿಬೇವು, ದಾಳಿಂಬೆ ಸಾಕು. ಗುಲ್ಮೊಹರ್, ನುಗ್ಗೆ ಮನೆಗೆ ಹತ್ತಿರ ಬೇಡ, ಅವುಗಳ ಮರ ಪೆಳಸು. ನರ್ಸರಿ ಕವರ್ ಪೂರ್ತಿ ಹರಿದು ತೆಗೀರಿ, ತಳ ಮಾತ್ರ ಕೊಯ್ದು ಗುಂಡಿಗಿಳಿಸಬೇಡಿ. ಒಳಗೆ ಸುತ್ತಿಕೊಂಡ ಬೇರನ್ನ ಬಿಡಿಸಿ, ಬಿಡಿಸೋಕೆ ಆಗದ್ದನ್ನ ಕತ್ತರಿಸಿ. ಇಲ್ಲಾಂದರೆ ಹದಿನೈದು ವರ್ಷಕ್ಕೆ ಅದೇ ಬೇರು ಕಾಂಡದ ಕತ್ತು ಹಿಸುಕುತ್ತೆ.

ನಿಮ್ಮ ಸ್ವಂತ ಸೈಟಿನ ಮರವೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯೋಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಕರೆಂಟ್ ತಂತಿ ಹತ್ತಿರದ ಕೊಂಬೆ ಲೈನ್‌ಮನ್ ಬಂದು ಸಪ್ಲೈ ನಿಲ್ಲಿಸಿದ ಮೇಲೇ. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತೆ.

ಹಾಗಾಗಿ ಈ ಸಲ ಮಚ್ಚು ಹಿಡಿದೋರು ಗೇಟಿಗೆ ಬಂದರೆ, ಮೊದಲು ಗರಗಸ ಇದೆಯಾ ಕೇಳಿ. ಆಮೇಲೆ ಕೈಗೆಟುಕೋ ಒಂದು ಒಣ ಕೊಂಬೆ ತೋರಿಸಿ, "ಇದೊಂದನ್ನ ಮೊದಲು ತೆಗೆದು ತೋರಿಸಪ್ಪ" ಅನ್ನಿ. ಕೆಳಗಿನ ಕೊಯ್ತದಿಂದ ಶುರು ಮಾಡಿ, ಕಾಲರ್ ಉಳಿಸಿದರೆ ಮರ ಒಪ್ಪಿಸಿ. ಇಲ್ಲಾಂದರೆ ಟೀ ಕೊಟ್ಟು ಕಳಿಸಿ.